ಹೆಸರಿದ್ದವರೇ ಓದತಕ್ಕದ್ದು

ನಮ್ಮೂರಿನ ಲೈಬ್ರರಿಯಲ್ಲಿ ಯಾವ ಪುಸ್ತಕ ಕೇಳಿದರೂ ಇಲ್ಲ ಎನ್ನುವುದಿಲ್ಲ. ಹೊಸಬರು ಇದನ್ನು ಕೇಳಿ ಸಂತೋಷಪಡುತ್ತಾರೆ. ಪುಸ್ತಕ ಇರುತ್ತದೆ ಅಂತಲ್ಲ, ‘ಇಲ್ಲ’ ಎಂಬ ಮಾತನ್ನು ಅಲ್ಲಿ ಆಡುವುದಿಲ್ಲ, ಅಷ್ಟೆ. ಸರಸ್ವತಿ ಇರುವ ಜಾಗದಲ್ಲಿ ಇಲ್ಲ, ಬೇಡ, ಮುಗಿಯಿತು ಎನ್ನಬಾರದಂತೆ. ಮನೆಯಲ್ಲಿ ಅಕ್ಕಿ ಮುಗಿದಾಗ ಹಿರಿಯ ಹೆಂಗಸರು ‘ಅಕ್ಕಿ ಹೆಚ್ಚಿದೆ’ ಅನ್ನುತ್ತಾರಲ್ಲ, ಹಾಗೆ. ಗೆದ್ದಲು ತಿಂದ ಪುಸ್ತಕ ಕೇಳಿದರೆ ಗ್ರಂಥಪಾಲಕರಾದ ಪಂಪಾಪತಿಯವರು ‘ಅದು ಹೆಚ್ಚಿದೆ’ ಎನ್ನುತ್ತಾರೆ. ಯಾರೋ ಒಯ್ದು ವಾಪಸು ತರದ ಪುಸ್ತಕ ಕೇಳಿದರೆ ‘ಹೋಗಿ ಬರುತ್ತದೆ’ ಎನ್ನುತ್ತಾರೆ. ಚಿಕ್ಕವಳಿದ್ದಾಗ ನಾನು ಆ ಮಾತು ನಂಬಿ ಬೇಸಿಗೆ ರಜೆ ಪೂರ್ತಿ ಲೈಬ್ರರಿಯ ಮೆಟ್ಟಿಲ ಮೇಲೆ ಕೂತಿದ್ದೆ. ದಿನಾ ನನ್ನನ್ನು ದಾಟಿಕೊಂಡೇ ಒಳಗೆ ಹೋಗುತ್ತಿದ್ದ ಪಂಪಾಪತಿಯವರು ಒಂದು ದಿನವೂ ‘ಎದ್ದು ಮನೆಗೆ ಹೋಗಮ್ಮ’ ಅನ್ನಲಿಲ್ಲ.

ಇದು ಊರೊಳಗೇ ಇದ್ದಿದ್ದರೆ ಹೇಗೋ ನಡೆದುಹೋಗುತ್ತಿತ್ತು. ಆದರೆ ನಮ್ಮೂರಿಗೆ ಯುರೋಪಿನ ಕಾನೂನು ಬರುತ್ತದೆ. ಅಲ್ಲಿನ ಒಕ್ಕೂಟದವರು ಇವತ್ತು ಒಂದು ತೀರ್ಮಾನ ಮಾಡಿದರೆ ನಾಳೆ ಬೆಳಗ್ಗೆ ನಮ್ಮಲ್ಲಿ ಅದು ತಾನಾಗಿಯೇ ಆಗಿರುತ್ತದೆ. ಪೊಲೀಸರು ಬರಬೇಕಾಗಿಲ್ಲ, ಡಂಗುರ ಹೊಡೆಯಬೇಕಾಗಿಲ್ಲ. ತಿನ್ನುವ ಪದಾರ್ಥದಲ್ಲಿ ಏನೇನು ಸೇರಿದೆ ಎಂದು ಕಾಣಬೇಕು ಅಂತ ಅವರು ಅಂದುಕೊಂಡ ಮಾರನೆಯ ಬೆಳಗ್ಗೆ ನಮ್ಮೂರಿನ ಎಲ್ಲ ಜಾಡಿ, ಡಬ್ಬ, ಬುಟ್ಟಿಗಳ ಮೇಲೂ ಸಣ್ಣ ಅಕ್ಷರ ಮೂಡಿತ್ತು. ತಾಯಮ್ಮನ ಅಪ್ಪಟ ಉದ್ದಿನ ಹಪ್ಪಳದ ಬುಟ್ಟಿಯ ಮೇಲೆ ‘ಅಕ್ಕಿ ಹಿಟ್ಟು, ಕಾಲು ಭಾಗ’ ಎಂದಿತ್ತು. ತಾಯಮ್ಮ ಒಂದು ವಾರ ಬುಟ್ಟಿಗೆ ಸೀರೆ ಹೊದಿಸಿ ಹಪ್ಪಳ ಮಾರಿದಳು. ಆಮೇಲೆ ‘ಕಾಲು ಭಾಗ ಅಕ್ಕಿ ಹಾಕಿದ್ರೇನೇ ಗರಿಗರಿ’ ಎಂದು ತಾನೇ ಕೂಗಿಕೊಂಡು ಮಾರಲು ಶುರು ಮಾಡಿದಳು.

ಒಬ್ಬರ ವಿಷಯವನ್ನು ಅವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಹೇಳುವಂತಿಲ್ಲ ಎಂಬ ಕಾನೂನು ಬಂದಾಗ ಮಾತ್ರ ಊರು ನಿಜವಾಗಿ ಕಂಗಾಲಾಯಿತು. ಕ್ಷೌರದಂಗಡಿಯಲ್ಲಿ, ನಲ್ಲಿಯ ಹತ್ತಿರ, ಎಲ್ಲೆಲ್ಲೂ ಮಾತು ಅರ್ಧಕ್ಕೆ ನಿಂತು ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಬರೆಯಲು ಹೋದರೆ ಮಸಿ ಇಳಿಯುತ್ತಿರಲಿಲ್ಲ. ಈಗ ಜನ ಅದಕ್ಕೂ ಒಗ್ಗಿಕೊಂಡಿದ್ದಾರೆ. ಬೆಳಗ್ಗೆ ಎದ್ದು ಮನೆಮನೆಗೆ ಹೋಗಿ, ‘ನಿಮ್ಮ ವಿಷಯ ಸ್ವಲ್ಪ ಮಾತಾಡ್ಕೋಬಹುದಾ ಅಕ್ಕ?’ ಎಂದು ಕೇಳಿಕೊಂಡು ಬರುತ್ತಾರೆ. ‘ಆಡ್ಕೊಳ್ಳಿ, ಆದ್ರೆ ನನ್ನ ಸೊಸೆ ಸುದ್ದೀನೂ ಸೇರಿಸ್ಬೇಕು’ ಎಂಬ ಕರಾರಿನ ಮೇಲೆ ಒಪ್ಪುವವರೂ ಇದ್ದಾರೆ. ಈ ಕಥೆಯಲ್ಲಿ ಬರುವವರೆಲ್ಲ ನನಗೆ ಒಪ್ಪಿಗೆ ಕೊಟ್ಟಿದ್ದಾರೆ. ಪಂಪಾಪತಿಯವರು ‘ಒಳ್ಳೇದೇ ಬರೀತೀಯಲ್ಲಮ್ಮ?’ ಎಂದು ಕೇಳಿದರು. ನಾನು ತಲೆಯಾಡಿಸಿದೆ.

ಯುರೋಪಿನವರು ಕೆಟ್ಟವರೇನಲ್ಲ. ಕಾನೂನು ಮಾಡುವ ಮೊದಲು ಆಯಾ ಕಸುಬಿನವರನ್ನು ಕೇಳುತ್ತಾರೆ. ಬಟ್ಟೆಯ ವಿಷಯವಾದರೆ ದರ್ಜಿಗಳನ್ನು, ರೊಟ್ಟಿಯ ವಿಷಯವಾದರೆ ಬೇಕರಿಯವರನ್ನು. ಬೇಕರಿಯ ಅಬ್ದುಲ್ ವಾಜಿದ್ ಸಾಹೇಬರು ಒಂದು ಸಲ ‘ಬನ್ನಿನ ಮೇಲೆ ಟೂಟಿ ಫ್ರೂಟಿ ಬೇಕೇ ಬೇಕು, ಮಕ್ಕಳು ಅಳುತ್ತಾವೆ’ ಎಂದು ಒಂದೇ ಸಾಲು ಬರೆದು ಕಳಿಸಿದರು. ಟೂಟಿ ಫ್ರೂಟಿ ಉಳಿಯಿತು. ಪುಸ್ತಕದ ವಿಷಯವಾದರೆ ಅವರು ಕೇಳುವುದು ಲೈಬ್ರರಿಯವರನ್ನು. ಅಂದರೆ ಪಂಪಾಪತಿಯವರನ್ನು ಮತ್ತು ಅವರ ಸಹಾಯಕಿ ವಿಮಲಾಕ್ಷಮ್ಮನವರನ್ನು. ಒಂದು ಸಲ ಅಲ್ಲಿಂದ ‘ನಿಮ್ಮಲ್ಲಿ ಮಕ್ಕಳ ಪುಸ್ತಕ ಎಷ್ಟಿವೆ?’ ಎಂದು ಕೇಳಿದ್ದರು. ಒಂದು ಕಪಾಟಿನಲ್ಲಿ ಹರಿದ ಕೆಲವು ಪುಸ್ತಕ ಬಿಟ್ಟರೆ ಏನೂ ಉಳಿದಿರಲಿಲ್ಲ. ಪಂಪಾಪತಿಯವರು ಯೋಚನೆ ಮಾಡಿ, ಮುತ್ತಿನಂಥ ಅಕ್ಷರದಲ್ಲಿ, ‘ಮಕ್ಕಳ ಪುಸ್ತಕಗಳು ಹೆಚ್ಚಿವೆ’ ಎಂದು ಬರೆದರು. ಹೆಚ್ಚಾದದ್ದನ್ನು ಕಡಿಮೆ ಇರುವ ಕಡೆಗೆ ಕಳಿಸತಕ್ಕದ್ದು ಎಂದು ಯುರೋಪಿನವರು ತೀರ್ಮಾನಿಸಿದರು. ಬೆಳಗ್ಗೆ ನೋಡಿದರೆ ಆ ಕಪಾಟು ಗುಡಿಸಿಟ್ಟ ಹಾಗೆ ಖಾಲಿ.

‘ಅವ್ರಿಗೆ ಕನ್ನಡ ಬರಲ್ಲ, ಏನ್ಮಾಡೋದು?’ ಎಂದರು ಪಂಪಾಪತಿಯವರು. ತಮ್ಮದೇನೂ ತಪ್ಪು ಅವರಿಗೆ ಕಾಣಲಿಲ್ಲ.

ನನ್ನ ಹೆಸರು ಹೊನ್ನಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಓದಲು ಬಾರದೆ ಬಿಟ್ಟವಳಲ್ಲ. ಎದ್ದು ನಿಂತು ಉತ್ತರ ಹೇಳು ಎಂದರೆ ನನ್ನ ಗಂಟಲು ಕಟ್ಟುತ್ತಿತ್ತು. ಉತ್ತರ ಗೊತ್ತಿದ್ದರೂ ಕಟ್ಟುತ್ತಿತ್ತು. ಮೇಷ್ಟ್ರು ನಿಲ್ಲಿಸಿಯೇ ಇರುತ್ತಿದ್ದರು, ಹುಡುಗರು ನಗುತ್ತಿದ್ದರು, ಒಂದು ದಿನ ನಾನು ಹೋಗುವುದನ್ನೇ ನಿಲ್ಲಿಸಿದೆ. ಆದರೆ ಪುಸ್ತಕ ಕೈಯಲ್ಲಿದ್ದು, ಅದರಲ್ಲಿ ಅಚ್ಚಾಗಿರುವುದನ್ನು ಓದು ಎಂದರೆ ಎಷ್ಟು ಜನರ ಮುಂದೆ ಬೇಕಾದರೂ ಓದಬಲ್ಲೆ. ಬೇರೆಯವರ ಮಾತು ನನ್ನ ಗಂಟಲಲ್ಲಿ ಸಲೀಸಾಗಿ ಹೋಗುತ್ತದೆ. ತಾಯಮ್ಮನಿಗೆ ಅದು ಹೇಗೋ ಗೊತ್ತಾಗಿ ನನ್ನನ್ನು ಹಪ್ಪಳದ ಅಂಗಳಕ್ಕೆ ಕರೆದಳು. ಅಲ್ಲಿ ಹತ್ತಾರು ಹೆಂಗಸರು ಮಧ್ಯಾಹ್ನ ಪೂರ್ತಿ ಹಪ್ಪಳ ಲಟ್ಟಿಸುತ್ತಾರೆ. ಯಾರಿಗೂ ಓದು ಬರದು. ನಾನು ಲೈಬ್ರರಿಯಿಂದ ನನ್ನ ಹೆಸರಿಗೆ ಪುಸ್ತಕ ತಂದು ಗಟ್ಟಿಯಾಗಿ ಓದುತ್ತೇನೆ. ಓದುವಾಗ ಬಿಟ್ಟು ಉಳಿದ ಹೊತ್ತಿನಲ್ಲಿ ನಾನು ಮಾತಾಡುವುದನ್ನು ಯಾರೂ ಹೆಚ್ಚಾಗಿ ಕೇಳಿಲ್ಲ.

ಆಗ ನಾವು ಓದುತ್ತಿದ್ದದ್ದು ಉಪ್ಪಿನ ದೋಣಿಯ ಕಾಳಿಂದಿ ಎಂಬ ಹೆಂಗಸಿನ ಕಥೆ. ರಟ್ಟು ಹರಿದ ದಪ್ಪ ಪುಸ್ತಕ. ಕಾಳಿಂದಿಯ ಗಂಡ ಸತ್ತಿದ್ದಾನೆ, ಅವಳು ಒಬ್ಬಳೇ ದೋಣಿ ನಡೆಸಿಕೊಂಡು ಉಪ್ಪು ಮಾರುತ್ತಾಳೆ, ಸುಂಕದವನು ಅವಳ ದೋಣಿಯ ಮೇಲೆ ಕಣ್ಣಿಟ್ಟಿದ್ದಾನೆ. ಅಂಗಳದವರಿಗೆ ಸುಂಕದವನನ್ನು ಕಂಡರೆ ಎಂಥ ಕೋಪವೆಂದರೆ ಅವನು ಬರುವ ಪುಟದಲ್ಲಿ ಹಪ್ಪಳ ಕಾಗದದಷ್ಟು ತೆಳುವಾಗುತ್ತಿತ್ತು.

ಪುಸ್ತಕದ ಗಡುವು ಮುಂದಕ್ಕೆ ಹಾಕಿಸಲು ಹೋದ ದಿನ ಲೈಬ್ರರಿಯ ಹಲಗೆಯ ಮೇಲೆ ಹೊಸ ಕರಡು ಅಂಟಿಸಿದ್ದರು. ‘ಗ್ರಂಥಾಲಯದ ಪುಸ್ತಕವನ್ನು ಯಾರ ಹೆಸರಿಗೆ ನೀಡಲಾಗಿದೆಯೋ ಆ ಹೆಸರಿದ್ದವರೇ ಓದತಕ್ಕದ್ದು. ಅದರ ಉಪಯೋಗ ಅನ್ಯರಿಗೆ ಆಗತಕ್ಕದ್ದಲ್ಲ. ಗ್ರಂಥಾಲಯದವರ ಅಭಿಪ್ರಾಯವನ್ನು ಎದುರು ನೋಡಲಾಗಿದೆ.’ ನಾನು ಅದನ್ನು ಮತ್ತೆ ಮತ್ತೆ ಓದಿದೆ. ಇದು ಕಾನೂನಾದ ಮರುದಿನ ನಾನು ಅಂಗಳದಲ್ಲಿ ಬಾಯಿ ತೆರೆದರೆ ಸದ್ದು ಬರುವುದಿಲ್ಲ. ಬಂದರೂ ಅವರ ಕಿವಿಗೆ ಬೀಳುವುದಿಲ್ಲ.

ಅಂಗಳಕ್ಕೆ ಬಂದು ಸುಮ್ಮನೆ ಕೂತೆ. ತಾಯಮ್ಮ ಹಿಟ್ಟು ನಾದುತ್ತಿದ್ದವಳು ನನ್ನ ಮುಖ ನೋಡಿದಳು.

‘ಏನಾಯ್ತೇ? ಪುಸ್ತಕ ಕಿತ್ಕೊಂಡ್ರಾ?’

ನಾನು ಇಲ್ಲ ಎಂದು ತಲೆಯಾಡಿಸಿದೆ.

‘ಕಿತ್ಕೊಳ್ತಾರಾ?’

ಹೂಂ ಎಂದು ತಲೆಯಾಡಿಸಿದೆ. ಹೀಗೆ ಒಂದೊಂದೇ ಪ್ರಶ್ನೆ ಕೇಳಿ ಕೇಳಿ, ಹಲ್ಲಿನ ಸಂದಿಯಿಂದ ನಾರು ತೆಗೆದ ಹಾಗೆ, ತಾಯಮ್ಮ ವಿಷಯವನ್ನೆಲ್ಲ ಹೊರಗೆ ತೆಗೆದಳು.

‘ಅಯ್ಯೋ, ನಾವೇನು ಕದ್ದು ಕೇಳ್ತಿದೀವಾ?’ ಎಂದಳು ಸಣ್ಣೀರಿ. ಅವಳು ಅಂಗಳದಲ್ಲಿ ಎಲ್ಲರಿಗಿಂತ ಬಾಯಿ ಜಾಸ್ತಿ ಇರುವವಳು. ‘ಒಂದು ಸೌಟು ಸಾರನ್ನ ಒಬ್ರೇ ಉಣ್ಬೇಕು, ವಾಸ್ನೇನೂ ಪಕ್ಕದೋರಿಗೆ ಹೋಗ್ಬಾರ್ದು ಅಂದಂಗಾಯ್ತು.’

‘ಲೈಬ್ರರಿಯೋರು ಬೇಡ ಅಂತ ಬರೆದ್ರೆ ಆಗಲ್ವಾ?’ ಎಂದು ಕೇಳಿದಳು ತಾಯಮ್ಮ. ಕೇಳಿದವಳು ತಾನೇ ನಕ್ಕಳು. ‘ಪಂಪಾಪತಿ ಸ್ವಾಮೇರು ಬೇಡ ಅಂತ ಬರೀತಾರಂತೆ! ನನ್ನ ಗಂಡ ಪಾತ್ರೆ ತೊಳೀತಾನಂತೆ!’

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಆದರೆ ಈ ಸಲ ನೆರವು ಬರುವುದಿತ್ತು. ಗ್ರಂಥಪಾಲಕರ ಸಂಘದವರು, ನಮ್ಮ ಲೈಬ್ರರಿಯ ಉತ್ತರಗಳ ಕೀರ್ತಿ ಕೇಳಿಯೇ ಇರಬೇಕು, ಯುರೋಪಿನವರಿಗೆ ಅಭಿಪ್ರಾಯ ಹೇಳುವುದು ಹೇಗೆ ಎಂದು ಕಲಿಸಲು ಒಬ್ಬರನ್ನು ಕಳಿಸಿದರು. ಫ್ಲೋರಿನ್ ಬಾಯಿ ಎಂದು ಅವರ ಹೆಸರು. ಕಡಲ ಕಡೆಯವರು, ಗಟ್ಟಿ ಧ್ವನಿ, ಹತ್ತಿಯ ಸೀರೆ, ಕೈಯಲ್ಲಿ ಒಂದು ಕೊಡೆ. ಬೆಳಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಉತ್ತರ ತೆಗೆದುಕೊಂಡು ಹೋಗಬೇಕು, ಮಾರನೆಯ ದಿನವೇ ಕಡೆಯ ಗಡುವು. ತಾಯಮ್ಮ ನನ್ನನ್ನು ಬೆಳಗ್ಗೆಯೇ ಲೈಬ್ರರಿಗೆ ಅಟ್ಟಿದಳು. ‘ನೀನು ಏನೂ ಮಾತಾಡ್ಬೇಡ, ಗೊತ್ತು ನಂಗೆ. ಸುಮ್ನೆ ಕಣ್ಣೆದುರಿಗೆ ಕೂತಿರು. ಸಾಲ ಕೊಟ್ಟೋನು ಕೂತಂಗೆ ಕೂತಿರು.’

ನಾನು ವಾಚನಾಲಯದ ಕೊನೆಯ ಬೆಂಚಿನಲ್ಲಿ ಕಾಳಿಂದಿಯ ಪುಸ್ತಕವನ್ನು ಎದೆಗವಚಿಕೊಂಡು ಕೂತೆ. ಗೋಡೆಯ ಮೇಲೆ ‘ಯುರೋಪಿನ ನೀತಿ ನಿರೂಪಣೆಯಲ್ಲಿ ಗ್ರಂಥಪಾಲಕರ ಪಾತ್ರ’ ಎಂದು ಬ್ಯಾನರು ಕಟ್ಟಿದ್ದರು. ಬ್ಯಾನರು ಸೊಟ್ಟಗಿದೆ ಎಂದು ಬಿಚ್ಚಿ ಮತ್ತೆ ಕಟ್ಟಿದರು. ದೀಪ ಹಚ್ಚಲು ಹೋದರೆ ಫ್ಯಾನಿನ ಗಾಳಿಗೆ ಆರಿತು. ಆರಿತು ಎನ್ನಬಾರದಲ್ಲ, ‘ದೀಪ ದೊಡ್ಡದಾಯ್ತು, ದೀಪ ದೊಡ್ಡದಾಯ್ತು’ ಎಂದು ವಿಮಲಾಕ್ಷಮ್ಮ ಗಾಬರಿಯಾಗಿ ಓಡಾಡಿದರು. ಫ್ಲೋರಿನ್ ಬಾಯಿ ಉರಿಯದ ದೀಪವನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ಪ್ರಾರ್ಥನೆ. ಆಮೇಲೆ ಸ್ವಾಗತ ಭಾಷಣ. ಅದರಲ್ಲಿ ಪಂಪಾಪತಿಯವರು ಯುರೋಪಿನ ಹವೆ, ಅಲ್ಲಿನ ಜನರ ಸಮಯಪಾಲನೆ, ಎರಡನ್ನೂ ವಿಸ್ತಾರವಾಗಿ ಹೊಗಳಿದರು. ಸಮಯಪಾಲನೆಯ ಬಗ್ಗೆ ಹೇಳುವಷ್ಟರಲ್ಲಿ ಉಪ್ಪಿಟ್ಟು ತಣ್ಣಗಾಗುತ್ತದೆ ಎಂದು ಕರೆ ಬಂತು. ಉಪ್ಪಿಟ್ಟು ತಿಂದೆವು. ಹೊತ್ತು ನೆತ್ತಿಯ ಹತ್ತಿರ ಬಂದಿತ್ತು.

‘ಇನ್ನಾದರೂ ಶುರು ಮಾಡುವನಾ ಮಾರಾಯ್ರೆ?’ ಎಂದರು ಫ್ಲೋರಿನ್ ಬಾಯಿ. ‘ನೋಡಿ, ಅವರಿಗೆ ಬರೆಯುವುದು ಎಂಥ ಕಷ್ಟದ ಕೆಲಸವೂ ಅಲ್ಲ. ನಮಗೆ ಎಂಥದು ಬೇಕು, ಎಂಥದು ಬೇಡ, ಅದನ್ನು ಮೊದಲನೇ ಸಾಲಿನಲ್ಲೇ ಹೇಳಬೇಕು. ಆಮೇಲೆ ಯಾಕೆ ಅಂತ ಹೇಳಬೇಕು. ಆಮೇಲೆ ಯಾರಿಗೆ ತೊಂದರೆ ಆಗುತ್ತದೆ, ಅವರ ವಿಷಯ ಹೇಳಬೇಕು. ಎಲ್ಲಿ, ಬರೆಯಿರಿ ನೋಡುವ.’

ಪಂಪಾಪತಿಯವರು ಕನ್ನಡಕ ಒರೆಸಿ, ಬರೆದು, ಎದ್ದು ನಿಂತು ಓದಿದರು. ‘ಜ್ಞಾನದ ಹೊನಲನ್ನು ಜಗತ್ತಿಗೆಲ್ಲ ಹರಿಸುತ್ತಿರುವ ಮಹನೀಯರೇ, ತಾವು ಕಳಿಸಿದ ಕರಡು ಕೈಸೇರಿ ಪರಮಾನಂದವಾಯಿತು. ತಮ್ಮ ದೂರದೃಷ್ಟಿಯನ್ನು ಎಷ್ಟು ಕೊಂಡಾಡಿದರೂ ಸಾಲದು.’

‘ಮುಂದೆ?’

‘ಅಷ್ಟೇ ಮೇಡಂ. ಇನ್ನು ತಮ್ಮ ವಿಶ್ವಾಸಿ ಅಂತ ಹಾಕ್ಬೇಕು.’

‘ಕಾನೂನು ಬೇಕಾ ಬೇಡವಾ ಅಂತ ಎಲ್ಲಿದೆ?’

‘ಅದು ಭಾವದಲ್ಲಿ ಇದೆ ಮೇಡಂ. ತಿಳಿದೋರಿಗೆ ತಿಳಿಯುತ್ತೆ.’

ಫ್ಲೋರಿನ್ ಬಾಯಿ ಕೊಡೆಯನ್ನು ಎತ್ತಿ ಮತ್ತೆ ಕೆಳಗಿಟ್ಟರು. ‘ನಿಮಗೆ ಈ ಕಾನೂನು ಇಷ್ಟವಾ?’

‘ಛೆ ಛೆ,’ ಎಂದರು ಪಂಪಾಪತಿಯವರು. ನಿಜವಾಗಿಯೂ ಅವರ ಮುಖ ಬಾಡಿತು. ‘ಪುಸ್ತಕ ಅಂದ್ರೆ ನಾಕು ಜನಕ್ಕೆ ಆಗ್ಬೇಕು. ಇದು ಅನ್ಯಾಯ.’

‘ಹಾಗಾದರೆ ಬೇಡ ಅಂತ ಬರೆಯಿರಿ!’

‘ಇಲ್ಲಿ ಕೂತ್ಕೊಂಡು ಹೇಗೆ ಬರೆಯೋದು ಮೇಡಂ?’ ಎಂದು ಪಂಪಾಪತಿಯವರು ಸರಸ್ವತಿಯ ಪಟದ ಕಡೆ ನೋಡಿದರು. ವಿಮಲಾಕ್ಷಮ್ಮ ಸಹಾಯಕ್ಕೆ ಬಂದರು. ‘ಈ ಕಾನೂನು ಹೆಚ್ಚಿದೆ ಅಂತ ಬರೆದ್ರೆ?’ ಫ್ಲೋರಿನ್ ಬಾಯಿ ಅವರನ್ನೇ ನೋಡಿದರು. ‘ಹೋಗ್ಲಿ ಬಿಡಿ,’ ಎಂದರು ವಿಮಲಾಕ್ಷಮ್ಮ. ‘ಕಾನೂನು ಹೋಗಿ ಬರಲಿ ಅಂತ ಬರೆಯೋಣ. ಹೋಗು ಅಂದ ಹಾಗೂ ಆಯ್ತು, ಅಪಶಕುನ ಆಡಿದ ಹಾಗೂ ಆಗಲ್ಲ.’

‘ಬರಲಿ ಅಂತ ಬರೆದರೆ ಬರುತ್ತದಲ್ಲ ಮಾರಾಯ್ರೆ! ಅವರು ಬರಲಿ ಅಂತಲೇ ಓದಿಕೊಳ್ಳುವುದು!’

ನನಗೆ ಬೆಂಚಿನ ಮೇಲೆ ಕೂರಲಾಗುತ್ತಿರಲಿಲ್ಲ. ಕಂಠಪೂರ್ತಿ ಮಾತಿತ್ತು. ಮೂರೂ ಜನರ ಭುಜ ಹಿಡಿದು ಅಲ್ಲಾಡಿಸಬೇಕು ಅನಿಸುತ್ತಿತ್ತು. ಸಂಜೆ ಬಸ್ಸಿಗೆ ಇನ್ನೆಷ್ಟು ಹೊತ್ತಿದೆ? ಆಗ ಫ್ಲೋರಿನ್ ಬಾಯಿ ನನ್ನನ್ನು ಗಮನಿಸಿದರು.

‘ಈ ಹುಡುಗಿ ಯಾರು? ಬೆಳಗ್ಗಿನಿಂದ ನಮ್ಮನ್ನು ಕಚ್ಚುವ ಹಾಗೆ ನೋಡುತ್ತಿದ್ದಾಳೆ.’

‘ಹೊನ್ನಿ ಅಂತ. ಹಪ್ಪಳದ ಹೆಂಗಸರಿಗೆ ಪುಸ್ತಕ ಓದಿ ಹೇಳ್ತಾಳೆ,’ ಎಂದರು ವಿಮಲಾಕ್ಷಮ್ಮ. ನನ್ನ ವಿಷಯ ಹೇಳಬಹುದು ಎಂದು ನಾನು ಎಂದೋ ಒಪ್ಪಿದ್ದೆ.

‘ಅಯ್ಯೋ ದೇವರೇ! ಇಷ್ಟು ಹೊತ್ತು ಯಾಕೆ ಹೇಳಲಿಲ್ಲ? ಇದನ್ನೇ ಬರೆಯಬೇಕಾದ್ದು. ಬಾ ಮಗಾ, ಹೇಳು. ಯಾರಿಗೆ ಓದುತ್ತಿ? ಕಾನೂನು ಬಂದರೆ ಎಂಥ ಆಗುತ್ತದೆ?’

ನಾನು ಎದ್ದು ನಿಂತೆ. ಎದ್ದು ನಿಂತದ್ದೇ ತಪ್ಪಾಯಿತು. ಏಳನೇ ಕ್ಲಾಸಿನ ಗೋಡೆ, ಬೆಂಚು, ಎಲ್ಲ ಹಾಗೇ ನನ್ನ ಸುತ್ತ ಬಂದು ನಿಂತವು. ಬಾಯಿ ತೆರೆದೆ. ಮುಚ್ಚಿದೆ. ಅವರು ಕಾದರು. ಕಾಯುವವರು ಒಳ್ಳೆಯವರಾದಷ್ಟೂ ಗಂಟಲು ಬಿಗಿಯಾಗುತ್ತದೆ. ಈ ಊರಿನ ಮೇಲೆ ನನಗೆ ಎಷ್ಟು ಸಿಟ್ಟಿತ್ತೋ ಅಷ್ಟೇ ಸಿಟ್ಟು ನನ್ನ ಮೇಲೂ ಬಂತು.

‘ಇರಲಿ, ನಾನೇ ಬರೀತೀನಿ,’ ಎಂದು ಪಂಪಾಪತಿಯವರು ‘ನಮ್ಮ ಊರಿನ ಹಪ್ಪಳದ ಮಹಿಳೆಯರು’ ಎಂದು ಶುರು ಮಾಡಿದರು. ಪೆನ್ನಿನಿಂದ ಮಸಿ ಇಳಿಯಲಿಲ್ಲ. ಕೊಡವಿದರು. ಆಗಲೂ ಇಳಿಯಲಿಲ್ಲ.

‘ಒಪ್ಪಿಗೆ ತಗೊಂಡಿಲ್ವಲ್ಲ,’ ಎಂದು ವಿಮಲಾಕ್ಷಮ್ಮ ನಾಲಿಗೆ ಕಚ್ಚಿಕೊಂಡರು. ಒಪ್ಪಿಗೆ ಇಲ್ಲದ್ದಕ್ಕೋ, ‘ಇಲ್ವಲ್ಲ’ ಎಂದುಬಿಟ್ಟಿದ್ದಕ್ಕೋ ಗೊತ್ತಾಗಲಿಲ್ಲ.

ಹಾಗಾಗಿ ಆ ಸುಡುಬಿಸಿಲಲ್ಲಿ, ಫ್ಲೋರಿನ್ ಬಾಯಿ ಕೊಡೆ ಬಿಚ್ಚಿಕೊಂಡು, ಪಂಪಾಪತಿಯವರು ಕಾಗದ ಹಿಡಿದುಕೊಂಡು, ನನ್ನ ಹಿಂದೆ ಹಪ್ಪಳದ ಅಂಗಳಕ್ಕೆ ಬಂದರು. ಅಂಗಳದ ತುಂಬ ಚಾಪೆ, ಹಳೆಯ ಸೀರೆ, ಅವುಗಳ ಮೇಲೆ ಹಪ್ಪಳ. ಪಂಪಾಪತಿಯವರು ಕಾಲಿಡಲು ಜಾಗ ಕಾಣದೆ ಕೊಕ್ಕರೆಯಂತೆ ನಿಂತರು.

‘ಬನ್ನಿ ಸ್ವಾಮಿ, ಆ ಕಡೆಯಿಂದ ಬನ್ನಿ, ಹಪ್ಪಳ ತುಳೀಬೇಡಿ,’ ಎಂದಳು ತಾಯಮ್ಮ. ‘ಏನು, ಬೇಡ ಅಂತ ಬರೆದಾಯ್ತಾ?’

‘ಅದಕ್ಕೇ ನಿಮ್ಮ ಒಪ್ಪಿಗೆ...’

‘ಒಪ್ಪಿಗೆ ಕೊಟ್ಟಿದೀನಿ, ಎಲ್ಲರ ಪರವಾಗೀನೂ ಕೊಟ್ಟಿದೀನಿ. ಬರೀರಿ. ಇಲ್ಲೇ ಬರೀರಿ. ಇಲ್ಲಿ ನಿಮ್ಮ ಸರಸ್ವತೀನೂ ಇಲ್ಲ, ಗಣಪತೀನೂ ಇಲ್ಲ, ಬರೀ ಉದ್ದಿನ ಹಿಟ್ಟಿದೆ.’

‘ಅಕ್ಕಿ ಹಿಟ್ಟೂ ಇದೆ,’ ಎಂದಳು ಸಣ್ಣೀರಿ.

‘ಮುಚ್ಚೇ.’

ಪಂಪಾಪತಿಯವರ ಮುಖದಲ್ಲಿ ಒಂದು ಗಳಿಗೆ ಧೈರ್ಯ ಬಂತು. ಕೂತರು, ಪೆನ್ನು ತೆಗೆದರು. ಆಮೇಲೆ ಅವರ ಕಣ್ಣು ನನ್ನ ಕೈಯಲ್ಲಿದ್ದ ಪುಸ್ತಕದ ಮೇಲೆ ಬಿತ್ತು. ‘ಪುಸ್ತಕ ಇದೆಯಲ್ಲಮ್ಮ,’ ಎಂದು ಮೆಲ್ಲಗೆ ಅಂದರು. ‘ಪುಸ್ತಕ ಇದ್ದ ಕಡೆ ಅವಳು ಇದ್ದೇ ಇರ್ತಾಳೆ. ನಲವತ್ತು ವರ್ಷದ ಅಭ್ಯಾಸ ತಾಯಮ್ಮ. ಕೈ ಬರಲ್ಲ.’

ಅವರು ನಾಟಕ ಮಾಡುತ್ತಿರಲಿಲ್ಲ. ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು ಮಾಡುತ್ತಿದ್ದರು. ಅದನ್ನು ನೋಡಿ ನನಗೆ ಅವರ ಮೇಲೆ ಕನಿಕರ ಬಂದಿದ್ದರೆ ಚೆನ್ನಾಗಿತ್ತು. ಬರಲಿಲ್ಲ. ಕುತ್ತಿಗೆ ಹಿಸುಕಬೇಕು ಅನಿಸಿತು. ಫ್ಲೋರಿನ್ ಬಾಯಿ ಜಗಲಿಯ ಮೇಲೆ ಕುಸಿದು ಕೂತು, ‘ನನ್ನ ಬಸ್ಸು,’ ಎಂದರು. ಅಷ್ಟೇ ಅಂದರು.

‘ಹೋಗ್ಲಿ, ಬಸ್ಸಿಗೆ ಹೊತ್ತಿದೆ. ನಮ್ಮ ಕೆಲಸ ಯಾಕೆ ನಿಲ್ಬೇಕು? ಹೊನ್ನಿ, ಓದು,’ ಎಂದಳು ತಾಯಮ್ಮ. ‘ಇನ್ನು ಎಷ್ಟು ದಿನ ಕೇಳೋ ಭಾಗ್ಯವೋ. ಸುಂಕದೋನು ದೋಣಿ ಹತ್ರ ಬಂದಿದ್ದ, ಅಲ್ಲಿಂದ.’

ನಾನು ಕೂತು ಪುಸ್ತಕ ತೆರೆದೆ. ಲಟ್ಟಣಿಗೆಗಳು ಮತ್ತೆ ಉರುಳತೊಡಗಿದವು. ಸುಂಕದವನು ದಡದಲ್ಲಿ ನಿಂತು ದೋಣಿ ಬಿಟ್ಟುಕೊಡು ಎನ್ನುತ್ತಾನೆ. ಎಡಗಡೆಯ ಪುಟ ಅಲ್ಲಿಗೆ ಮುಗಿಯುತ್ತಿತ್ತು. ಬಲಗಡೆಯ ಪುಟಕ್ಕೆ ಕಣ್ಣು ಹಾಯಿಸಿದೆ. ಮೊದಲನೇ ಸಾಲು ಕಂಡಿತು. ನಾನು ಅದನ್ನು ಓದಲಿಲ್ಲ. ಕಣ್ಣು ಪುಟದ ಮೇಲೇ ಇತ್ತು, ಬೆರಳು ಸಾಲಿನ ಮೇಲೇ ಇತ್ತು, ಆದರೆ ಗಂಟಲಿನಿಂದ ಬೇರೆಯೇ ಬಂತು.

‘ಕಾಳಿಂದಿ ಸುಂಕದವನ ಕಡೆ ತಿರುಗಿದಳು. ನಿಮ್ಮ ಕಾನೂನು ನಮಗೆ ಬೇಡ, ಎಂದಳು. ಉಪ್ಪು ಒಬ್ಬಳ ಹೆಸರಿಗೆ ಬರುತ್ತದೆ, ಆದರೆ ಇಡೀ ಮನೆಯ ಸಾರಿಗೆ ಬೀಳುತ್ತದೆ. ಪುಸ್ತಕವೂ ಹಾಗೇ. ಓದು ಬಾರದವರಿಗೆ ಕಣ್ಣಿಲ್ಲ ಅನ್ನಿ, ಕಿವಿ ಇಲ್ಲ ಅನ್ನಬೇಡಿ. ಹೆಸರಿದ್ದವರೇ ಓದಬೇಕೆಂದರೆ, ಹೆಸರು ಬರೆಯಲೂ ಬಾರದವರು ಎಲ್ಲಿಗೆ ಹೋಗಬೇಕು? ನಾನು ಒಬ್ಬಳೇ ಓದಿಕೊಂಡರೆ ನನಗೆ ಅದು ಅರ್ಧ ಪುಸ್ತಕ. ಅವರು ಬೈದಾಗ, ನಕ್ಕಾಗ ಉಳಿದರ್ಧ ಆಗುತ್ತದೆ. ಬೇಡ. ಈ ಕಾನೂನು ಬೇಡ.’

‘ಉಪ್ಪಿನ ದೋಣೀಲಿ ಪುಸ್ತಕ ಎಲ್ಲಿಂದ ಬಂತೇ?’ ಎಂದಳು ಸಣ್ಣೀರಿ.

‘ಸುಮ್ನೆ ಕೇಳೇ, ಚೆನ್ನಾಗಿ ಬೈತಿದಾಳೆ,’ ಎಂದು ಇನ್ನೊಬ್ಬಳು ಗದರಿದಳು.

ಪಂಪಾಪತಿಯವರು ನೆಟ್ಟಗೆ ಕೂತಿದ್ದರು. ‘ಇದು... ಪುಸ್ತಕದಲ್ಲಿ ಇದೆಯೇನಮ್ಮ? ಹೀಗೇ ಇದೆಯಾ?’

ನಾನು ತಲೆಯಾಡಿಸಿದೆ.

‘ಹಾಗಾದ್ರೆ ಇದು ಉಲ್ಲೇಖ!’ ಅವರ ಧ್ವನಿ ಏರಿತು. ‘ನಾನು ಹೇಳ್ತಿರೋದಲ್ಲ ಮೇಡಂ, ಗ್ರಂಥದಲ್ಲಿರೋದು! ಉದ್ಧರಣ ಚಿಹ್ನೆ ಹಾಕಿ ಎತ್ತಿ ಬರೆದ್ರೆ ದೋಷ ಇಲ್ಲ!’ ಇಲ್ಲ ಎಂದದ್ದು ಅವರಿಗೆ ಗೊತ್ತೇ ಆಗಲಿಲ್ಲ. ‘ಇನ್ನೊಂದು ಸಲ ಓದಮ್ಮ, ನಿಧಾನವಾಗಿ.’

ಇನ್ನೊಂದು ಸಲ! ಏನು ಹೇಳಿದ್ದೆನೋ ನನಗೇ ಸರಿಯಾಗಿ ನೆನಪಿರಲಿಲ್ಲ. ಸುಮಾರಾಗಿ ಅದನ್ನೇ ಹೇಳಿದೆ, ಒಂದೆರಡು ಮಾತು ಹೆಚ್ಚೂ ಹೇಳಿದೆ. ಅವರು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡರು. ‘ಬೇಡ’ ಎಂಬ ಮಾತು ಅವರ ಕೈಯಿಂದ ಕಾಗದದ ಮೇಲೆ ಇಳಿಯುವುದನ್ನು ಎಲ್ಲರೂ ಕತ್ತು ಚಾಚಿ ನೋಡಿದರು. ಓದು ಬಾರದವರೂ ನೋಡಿದರು. ಅದರ ಕೆಳಗೆ ತಮ್ಮ ಕಡೆಯಿಂದ, ‘ಕೈಯಲ್ಲಿ ಹಪ್ಪಳದ ಕಾಯಕ ನಡೆಸುತ್ತ ಕಿವಿಯಲ್ಲಿ ಜ್ಞಾನ ತುಂಬಿಕೊಳ್ಳುವ ಮಾತೆಯರು’ ಎಂದು ಉದ್ದವಾಗಿ ಸೇರಿಸಿದರು. ಈ ಸಲ ಮಸಿ ಸಲೀಸಾಗಿ ಇಳಿಯಿತು.

‘ಪುಟ ಎಷ್ಟು?’ ಎಂದು ಕೇಳಿದರು.

ನಾನು ಗಟ್ಟಿಯಾಗಿ ಪುಸ್ತಕ ಹಿಡಿದುಕೊಂಡೆ.

‘ಪುಟಸಂಖ್ಯೆ ಬೇಕಲ್ಲಮ್ಮ. ಪ್ರಕಟಣೆಯ ವರ್ಷ, ಮುದ್ರಣ ಎಷ್ಟನೆಯದು, ಎಲ್ಲ ಹಾಕ್ಬೇಕು. ಎಲ್ಲಿ, ಕೊಡು ನೋಡೋಣ.’

ಈ ಮನುಷ್ಯನ ಜೀವನದಲ್ಲಿ ಏನನ್ನಾದರೂ ನೆಟ್ಟಗೆ ಪರೀಕ್ಷೆ ಮಾಡುವುದಿದ್ದರೆ ಅದು ಇವತ್ತೇ ಆಗಬೇಕೇ? ಅವರು ಕೈ ಚಾಚಿದರು. ಅಷ್ಟರಲ್ಲಿ ಫ್ಲೋರಿನ್ ಬಾಯಿ ಜಗಲಿಯಿಂದ ಎದ್ದು ಬಂದು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡರು. ತೆರೆದಿದ್ದ ಪುಟ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

‘ಪುಟ ಇನ್ನೂರ ಹದಿಮೂರು,’ ಎಂದರು. ‘ಸರಿಯಾಗಿದೆ. ಪುಸ್ತಕ ನನ್ನ ಹತ್ತಿರ ಇರಲಿ ಪಂಪಾಪತಿಯವರೇ, ಆಧಾರ ಕೇಳಿದರೆ ತೋರಿಸಬೇಕಲ್ಲ.’ ಎಂದವರೇ ಪುಸ್ತಕ ಚೀಲಕ್ಕೆ ಹಾಕಿ, ಕಾಗದ ಮಡಚಿಕೊಂಡು, ಬಸ್ಸಿಗೆ ಓಡಿದರು.

ಆಮೇಲೆ ಕಾಯುವುದು. ಕಾಳಿಂದಿಯ ಕಥೆ ಅರ್ಧಕ್ಕೆ ನಿಂತಿತು. ಲೈಬ್ರರಿಯಲ್ಲಿ ಕೇಳಿದರೆ ಪಂಪಾಪತಿಯವರು ‘ಹೋಗಿ ಬರುತ್ತದೆ’ ಎಂದರು. ದಿನಾ ಬೆಳಗ್ಗೆ ಎದ್ದು ಅಂಗಳಕ್ಕೆ ಹೋಗಿ, ಸುಮ್ಮನೆ ಯಾವುದೋ ಅಡುಗೆ ಪುಸ್ತಕದ ಒಂದು ಸಾಲು ಓದುತ್ತಿದ್ದೆ. ‘ಕೇಳಿಸ್ತಾ?’ ಎಂಬಂತೆ ನೋಡುತ್ತಿದ್ದೆ. ‘ಕೇಳಿಸ್ತು ಕೇಳಿಸ್ತು, ಆದ್ರೆ ಉಪ್ಪು ಕಮ್ಮಿ ಹೇಳಿದಾರೆ,’ ಎನ್ನುತ್ತಿದ್ದಳು ತಾಯಮ್ಮ.

ಮಾವಿನ ಕಾಲ ಮುಗಿಯುವ ಹೊತ್ತಿಗೆ ಕಾನೂನು ಬಂತು. ನಾನು ಓದುತ್ತಿದ್ದಾಗ ಸಣ್ಣೀರಿ ಹಣೆಯ ಬೆವರು ಒರೆಸಿಕೊಳ್ಳಲು ಕೈ ಎತ್ತಿದಳು. ‘ಏನಂದ್ಲು? ಏನಂದ್ಲು?’ ಎಂದು ಕೂಗಿದಳು. ಇನ್ನೊಬ್ಬಳು ಎಲೆಗೆ ಸುಣ್ಣ ಹಚ್ಚಲು ಲಟ್ಟಣಿಗೆ ಕೆಳಗಿಟ್ಟಳು, ಅವಳಿಗೂ ಕೇಳಿಸಲಿಲ್ಲ. ಹೋಗಿ ಲೈಬ್ರರಿಯ ಹಲಗೆ ನೋಡಿದರೆ, ‘ಹೆಸರಿದ್ದವರು ಗಟ್ಟಿಯಾಗಿ ಓದಬಹುದು. ಕೈಕೆಲಸದಲ್ಲಿ ತೊಡಗಿರುವವರು, ತೊಡಗಿರುವಷ್ಟು ಹೊತ್ತು, ಕೇಳಬಹುದು’ ಎಂದಿತ್ತು. ಪಂಪಾಪತಿಯವರ ಆ ಮಾತೆಯರ ಸಾಲು! ಆ ಒಂದು ಸಾಲನ್ನು ಅವರು ಸೇರಿಸದೆ ಇದ್ದಿದ್ದರೆ.

‘ಕೆಟ್ಟದ್ದೇನಾಗಿಲ್ಲ,’ ಎಂದಳು ತಾಯಮ್ಮ. ಅವಳಿಗೇನು, ಹಪ್ಪಳ ಜಾಸ್ತಿ ಆಗುತ್ತಿದ್ದವು. ಉಳಿದವರಿಗೆ ಮೂಗು ತುರಿಸಿದರೂ ತಡೆದುಕೊಂಡು ಲಟ್ಟಿಸಬೇಕಾಗಿತ್ತು. ‘ಈ ಸ್ವಾಮೇರನ್ನ ಇಲ್ಲೇ ಕೂರಿಸ್ಬೇಕು,’ ಎಂದು ಶಪಿಸಿದಳು ಸಣ್ಣೀರಿ. ಶಪಿಸಿದ ಹಾಗೇ ಆಯಿತು. ತಮ್ಮ ಉತ್ತರ ಮೊದಲನೇ ಸಲ ಫಲ ಕೊಟ್ಟ ಸಂತೋಷಕ್ಕೆ ಪಂಪಾಪತಿಯವರು ಮಧ್ಯಾಹ್ನ ಅಂಗಳಕ್ಕೆ ಬರಲು ಶುರು ಮಾಡಿದರು. ಕೇಳಬೇಕಾದರೆ ಅವರೂ ಲಟ್ಟಿಸಬೇಕು. ಅವರ ಹಪ್ಪಳ ಯಾವ ಕಡೆಯಿಂದ ನೋಡಿದರೂ ದುಂಡಗಿರುತ್ತಿರಲಿಲ್ಲ. ತಾಯಮ್ಮ ಅವನ್ನು ಬೇರೆ ಬುಟ್ಟಿಗೆ ಹಾಕುತ್ತಿದ್ದಳು.

ಆಮೇಲೆ ಒಂದು ದಿನ ಫ್ಲೋರಿನ್ ಬಾಯಿಯಿಂದ ಕಾಳಿಂದಿಯ ಪುಸ್ತಕ ಅಂಚೆಯಲ್ಲಿ ವಾಪಸು ಬಂತು. ಅಂಗಳದಲ್ಲಿ ಹಬ್ಬ. ಎಲ್ಲರೂ ಬೇಗ ಊಟ ಮುಗಿಸಿ, ಉಂಡೆ ಕಟ್ಟಿಕೊಂಡು, ಮಣೆ ಹಾಕಿ ಕೂತರು. ನಾನು ಪುಸ್ತಕ ತೆರೆದೆ. ಮುಂದೆ ಓದಲೇಬೇಕಿತ್ತು. ಅಚ್ಚಾಗಿರುವುದನ್ನೇ ಓದಿದೆ, ಓದುತ್ತ ಓದುತ್ತ ನನ್ನ ಧ್ವನಿ ಇಳಿಯಿತು.

‘ಕಾಳಿಂದಿ ಒಂದೂ ಮಾತಾಡದೆ ಹಗ್ಗ ಬಿಚ್ಚಿ ಸುಂಕದವನ ಕೈಗಿತ್ತಳು. ತಲೆ ತಗ್ಗಿಸಿ ದಡ ಹತ್ತಿದಳು.’

ಲಟ್ಟಣಿಗೆಗಳು ಒಂದೊಂದಾಗಿ ನಿಂತವು.

‘ಏನು? ಕೊಟ್ಟುಬಿಟ್ಲಾ?’ ಎಂದಳು ಸಣ್ಣೀರಿ. ‘ಅವತ್ತು ಅಷ್ಟು ಮಾತಾಡಿದ್ಲು!’

‘ಬೇಡ ಅಂದ್ಲಲ್ಲ ಬಾಯಿ ಬಿಟ್ಟು!’

‘ಅಂಥ ಮಾತಾಡಿದೋಳು ಈಗ್ಯಾಕೆ ಸುಮ್ನಾದ್ಲೇ ಹೊನ್ನಿ?’ ಎಂದು ಕೇಳಿದಳು ತಾಯಮ್ಮ. ಅವಳ ದನಿಯಲ್ಲಿ ನಿಜವಾದ ದುಃಖವಿತ್ತು. ನಂಬಿದವರು ಕೈಕೊಟ್ಟಾಗ ಬರುವ ದುಃಖ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಪಂಪಾಪತಿಯವರೂ ನೋಡುತ್ತಿದ್ದರು.

ನಾನು ಪುಸ್ತಕ ಮುಚ್ಚಿದೆ. ಮಡಿಲಲ್ಲಿಟ್ಟುಕೊಂಡೆ.

‘ಸುಮ್ಮನಾಗಿಲ್ಲ,’ ಎಂದೆ. ಗಂಟಲು ಕಟ್ಟಿತು, ಉಗುಳು ನುಂಗಿದೆ. ‘ಅವಳು ಸುಮ್ಮನಾಗಿಲ್ಲ. ದೋಣಿ ಕೊಟ್ಟಿಲ್ಲ.’

ಪಂಪಾಪತಿಯವರು ಮೊದಲು ತಮ್ಮ ಖಾಲಿ ಕೈ ನೋಡಿಕೊಂಡರು, ಆಮೇಲೆ ನೆಲದ ಮೇಲಿದ್ದ ತಮ್ಮ ಲಟ್ಟಣಿಗೆ ನೋಡಿದರು, ಆಮೇಲೆ ಸುತ್ತ ಸುಮ್ಮನಿದ್ದ ಅಷ್ಟೂ ಕೈಗಳನ್ನು ನೋಡಿದರು. ಯಾರೂ ಕೆಲಸ ಮಾಡುತ್ತಿರಲಿಲ್ಲ. ಆದರೂ ಎಲ್ಲರಿಗೂ ಕೇಳಿಸಿತ್ತು. ಅವರ ಬಾಯಿ ತೆರೆಯಿತು.

‘ಹಾಗಾದ್ರೆ ಅವತ್ತಿನ ಪುಟ...’

‘ಸ್ವಾಮಿ, ನೀವು ಸ್ವಲ್ಪ ಸುಮ್ನಿರಿ,’ ಎಂದಳು ತಾಯಮ್ಮ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮಣೆ ಆಚೆ ಸರಿಸಿ, ನನ್ನ ಹತ್ತಿರಕ್ಕೆ ಜರುಗಿ ಕೂತಳು.

‘ಮುಂದೆ ಹೇಳು,’ ಎಂದಳು.